ಬೀದಿನಾಯಿಗಳಿಗೆ ತೆರಿಗೆಯ ಹಣ ಖರ್ಚು ಮಾಡುವುದು ಸರಿಯೇ?

ಆಸ್ಪತ್ರೆಯಲ್ಲಿ ಮನುಷ್ಯರಿಗೇ ಹಾಸಿಗೆ ಸಿಗದಿರುವಾಗ ಬೀದಿನಾಯಿಗಳಿಗೂ ಗೋಶಾಲೆಗಳಿಗೂ ಸರ್ಕಾರ ಹಣ ಸುರಿಯುವುದು ಸರಿಯೇ, ಅದರಿಂದ ಏನಾದರೂ ಪ್ರಯೋಜನವಾಗಿದೆಯೇ ಎಂದು ಕೇಳಿದ್ದೀರಿ. ನಾನು ಪಶುವೈದ್ಯ. ಉತ್ತರ ಕರ್ನಾಟಕದ ಒಂದು ಸಣ್ಣ ಊರಿನಲ್ಲಿ ನಾಯಿಗಳ ಸಂತಾನಹರಣ ಚಿಕಿತ್ಸೆಯ ಕೆಲಸ ಮಾಡಿದ್ದೇನೆ. ಖರ್ಚು ಮಾಡುವುದು ಖಂಡಿತ ಸರಿ. ಅರ್ಧಕ್ಕೆ ನಿಲ್ಲಿಸುವುದು ತಪ್ಪು. ನಿಲ್ಲಿಸಿದರೆ ಅಲ್ಲಿಯವರೆಗೆ ಹಾಕಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ.

ಆ ಊರಿನ ಬಸ್ ನಿಲ್ದಾಣದ ಚಹಾ ಅಂಗಡಿಯ ಮುಂದೆ ಕೆಂಪಿ ಎಂಬ ಹೆಣ್ಣುನಾಯಿ ಇತ್ತು. ಬಲೆ ಕಂಡರೆ ಮಾಯವಾಗುತ್ತಿತ್ತು. ಕೊನೆಗೆ ಅಂಗಡಿಯವರೇ ಬನ್ ತೋರಿಸಿ ಕರೆದು, ತೊಡೆಯ ಮೇಲೆ ತಲೆ ಇಡಿಸಿಕೊಂಡು ಹಿಡಿದುಕೊಟ್ಟರು. ಶಸ್ತ್ರಚಿಕಿತ್ಸೆ ಮಾಡಿ, ಅರಿವಳಿಕೆ ಇಳಿಯುವ ಮೊದಲೇ ಗುರುತಿಗಾಗಿ ಕಿವಿಯ ತುದಿಯನ್ನು ಕಚ್ಚು ಮಾಡಿ, ರೇಬಿಸ್ ಲಸಿಕೆ ಹಾಕಿದೆವು. ಹೊಲಿಗೆ ಒಣಗುವವರೆಗೆ ಇಟ್ಟುಕೊಂಡು ಮತ್ತೆ ಅದೇ ಅಂಗಡಿಯ ಮುಂದೆ ಬಿಟ್ಟೆವು. ಇಳಿದ ಕೂಡಲೇ ಅದು ಬೆಂಚಿನ ಕೆಳಗಿನ ತನ್ನ ಜಾಗವನ್ನು ಮೂಸಿ ನೋಡಿ ಮಲಗಿತು. ಹಿಡಿದಲ್ಲಿಯೇ ಬಿಡಬೇಕು ಎಂದು ನಾಯಿಗಳ ಸಂತಾನ ನಿಯಂತ್ರಣದ 2001ರ ಕೇಂದ್ರ ನಿಯಮಗಳು ಹೇಳಿದ್ದವು, 2023ರ ಹೊಸ ನಿಯಮಗಳೂ ಅದನ್ನೇ ಹೇಳಿದವು. ಕಾರಣ ಸರಳ: ಲಸಿಕೆ ಪಡೆದ ನಾಯಿ ತನ್ನ ಜಾಗದಲ್ಲಿ ಇದ್ದರೆ ಹೊರಗಿನ ನಾಯಿಯನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ.

ಒಂದು ವರ್ಷ ಕೆಲಸ ಚೆನ್ನಾಗಿ ನಡೆಯಿತು. ಹತ್ತರಲ್ಲಿ ಏಳು ನಾಯಿಗಳಿಗೆ ಲಸಿಕೆ ಬಿದ್ದರೆ ರೇಬಿಸ್ ಹರಡುವುದು ನಿಲ್ಲುತ್ತದೆ ಎಂಬುದು ನಾವೆಲ್ಲ ಇಟ್ಟುಕೊಳ್ಳುವ ಲೆಕ್ಕ. ನಾವು ನಾಲ್ಕಕ್ಕೆ ತಲುಪಿದ್ದೆವು. ಮರುವರ್ಷದ ಟೆಂಡರ್ ಕಡತ ಎಲ್ಲೋ ಮೇಜಿನ ಮೇಲೆ ಕುಳಿತುಬಿಟ್ಟಿತು. ನಾಯಿಯ ಗರ್ಭ ಎರಡು ತಿಂಗಳದ್ದು, ಕಡತಕ್ಕಾಗಿ ಅದು ಕಾಯುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಬೆಳಗಿನ ಜಾವ ಊರು ಸುತ್ತಿ ಕಿವಿಗಳನ್ನು ಎಣಿಸಿದಾಗ, ಕಚ್ಚು ಇಲ್ಲದ ಎಳೆಯ ಕಿವಿಗಳೇ ಎಲ್ಲೆಲ್ಲೂ ಕಂಡವು. ಅವತ್ತು ನನಗಾದ ಸಂಕಟವನ್ನು ಇಂದಿಗೂ ಮರೆತಿಲ್ಲ.

ಹಣ ನಿಲ್ಲದೆ ಹರಿದಾಗ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರನ್ನೇ ನೋಡಿ. ಬಿಬಿಎಂಪಿ ಗಣತಿಯಲ್ಲಿ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ರ ಹೊತ್ತಿಗೆ ಸುಮಾರು 2.79 ಲಕ್ಷಕ್ಕೆ ಇಳಿದವು. ಸಂತಾನಹರಣ ಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ 51ರಿಂದ ಶೇ 71ರ ಮೇಲಕ್ಕೆ ಏರಿತ್ತು. ನಗರ ಅಷ್ಟು ಬೆಳೆಯುತ್ತಿದ್ದರೂ ಸಂಖ್ಯೆ ಇಳಿದದ್ದು ಸಣ್ಣ ಮಾತಲ್ಲ. ಆದರೆ 2025ರ ಜುಲೈನಲ್ಲಿ ಅದೇ ಬಿಬಿಎಂಪಿ ಐದು ಸಾವಿರದಷ್ಟು ನಾಯಿಗಳಿಗೆ ಕೋಳಿ ಮಾಂಸದ ಅನ್ನ ಹಾಕಲು 2.88 ಕೋಟಿ ರೂಪಾಯಿಯ ಟೆಂಡರ್ ಕರೆದದ್ದು ನನಗೆ ಸರಿಯೆನಿಸಲಿಲ್ಲ. ಹೊಟ್ಟೆ ತುಂಬಿದ ನಾಯಿ ಶಾಂತವಾಗಿರುತ್ತದೆ, ಹಿಡಿಯಲೂ ಸಿಗುತ್ತದೆ, ನಿಜ. ಆದರೂ ಆ ಹಣ ಮೊದಲು ಲಸಿಕೆಗೆ ಹೋಗಬೇಕಿತ್ತು.

ಈ ಕೆಲಸದ ಹೊಣೆ ನಿಯಮದ ಪ್ರಕಾರ ಸ್ಥಳೀಯ ಸಂಸ್ಥೆಗಳದ್ದು, ಅಂದರೆ ಅತಿ ಸಣ್ಣ ಖಜಾನೆಯವರದ್ದು. 1962ರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಅಧ್ಯಕ್ಷತೆಯಲ್ಲಿ ಆರಂಭವಾದ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಅನುದಾನ ಕೊಡುತ್ತದೆ, ಆದರೆ ಅರ್ಜಿ, ಮಾನ್ಯತೆ, ತಪಾಸಣೆ ಎಲ್ಲ ಮುಗಿಯಬೇಕು. ಚರಂಡಿಗೇ ಹಣ ಸಾಲದ ಪುರಸಭೆಯಲ್ಲಿ ನಾಯಿಯ ಸರದಿ ಕೊನೆಗೆ ಬರುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ನಾಯಿಗಳನ್ನು ಆಶ್ರಯ ಕೇಂದ್ರಕ್ಕೆ ಸಾಗಿಸಬೇಕು, ಅಲ್ಲಿಗೇ ಮರಳಿ ಬಿಡಬಾರದು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಚಿಕಿತ್ಸೆಯಾದರೆ ಒಂದೇ ಸಲದ ಖರ್ಚು. ಆಶ್ರಯವೆಂದರೆ ನಾಯಿ ಬದುಕಿರುವಷ್ಟು ದಿನವೂ ಅನ್ನ, ನೀರು, ಕೂಲಿ.

ಗೋಶಾಲೆಗಳಲ್ಲೂ ಇದೇ ಕಷ್ಟ. ಗೋಶಾಲೆಯ ಹಸುಗಳನ್ನು ದಾನಿಗಳು ದತ್ತು ಪಡೆಯುವ 2022ರ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ಒಂದು ಹಸುವಿಗೆ ವರ್ಷಕ್ಕೆ 11,000 ರೂಪಾಯಿ, ಅಂದರೆ ದಿನಕ್ಕೆ ಮೂವತ್ತು. ಮೂವತ್ತು ರೂಪಾಯಿಗೆ ಬೇಸಿಗೆಯಲ್ಲಿ ಎಷ್ಟು ಮೇವು ಬರುತ್ತದೆ ಎಂದು ಯಾವ ರೈತನನ್ನಾದರೂ ಕೇಳಿ.

ಇನ್ನು ಮನುಷ್ಯರ ಹಾಸಿಗೆಯ ಮಾತು. 2024ರಲ್ಲಿ ಕರ್ನಾಟಕದಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಜನರಿಗೆ ನಾಯಿ ಕಚ್ಚಿದ ಪ್ರಕರಣಗಳು ದಾಖಲಾದವು. ಪ್ರತಿಯೊಬ್ಬರಿಗೂ ನಾಲ್ಕೈದು ಸಲ ಚುಚ್ಚುಮದ್ದು, ಗಾಯ ಆಳವಿದ್ದರೆ ದುಬಾರಿ ಸೀರಂ ಬೇರೆ. ರೇಬಿಸ್‌ನ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಮದ್ದು ಇಲ್ಲ. ನಾಯಿಗೆ ಹಾಕುವ ಒಂದು ಲಸಿಕೆ ಆ ಆಸ್ಪತ್ರೆಯ ಸಾಲನ್ನೇ ಕಡಿಮೆ ಮಾಡುತ್ತದೆ.

ನಿಮ್ಮ ಊರಿನ ಪುರಸಭೆಯ ಆಯವ್ಯಯ ಪತ್ರವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಕಳೆದ ಐದು ವರ್ಷಗಳಲ್ಲಿ ಈ ಬಾಬ್ತಿಗೆ ಎಷ್ಟು ಇಟ್ಟರು, ಎಷ್ಟು ಖರ್ಚಾಯಿತು, ಯಾವ ವರ್ಷ ಸೊನ್ನೆ ಇದೆ ಎಂದು ನೋಡಿ. ಜೊತೆಗೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ವಾರ್ಡಿನಲ್ಲಿ ನಡೆದು, ಕಚ್ಚು ಇರುವ ಕಿವಿ ಎಷ್ಟು, ಇಲ್ಲದ ಕಿವಿ ಎಷ್ಟು ಎಂದು ಬರೆದುಕೊಳ್ಳಿ. ಎರಡನ್ನೂ ಹಿಡಿದು ನಿಮ್ಮ ವಾರ್ಡಿನ ಸದಸ್ಯರ ಬಳಿ ಹೋಗಿ. ಎಣಿಸುವ ವಿಧಾನ ಬೇಕಿದ್ದರೆ ಇಲ್ಲಿಯೇ ಕೇಳಿ, ವಿವರವಾಗಿ ಬರೆಯುತ್ತೇನೆ.