ಐದು ವಾರದ ಮರಿಗೆ ಪೌಡರ್ ಬೇಡ, ಸೀರಣಿಗೆ ಹಿಡಿಯಿರಿ

ಬೀದಿಯಿಂದ ತಂದ ಐದು ವಾರದ ನಾಯಿಮರಿ, ಮೈತುಂಬ ಚಿಗಟ, ಅಂಗಡಿಯ ಚಿಗಟದ ಪೌಡರ್ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಕಬೇಡಿ. ಮರಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೆ ಹೋಗುತ್ತದೆ. ಬೆನ್ನಿಗೆ ಬಿಡುವ ಹನಿ ಔಷಧಿಗಳೂ ಹೆಚ್ಚಿನವು ಎಂಟು ವಾರ ದಾಟಿದ ಮೇಲೆಯೇ. ಸೀಮೆಎಣ್ಣೆ, ಕರ್ಪೂರ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ.

ಮೊದಲು ತುಟಿ ಎತ್ತಿ ಒಸಡು ನೋಡಿ. ಬೆಳ್ಳಗೆ ಕಂಡರೆ ರಕ್ತ ಕಡಿಮೆಯಾಗಿರಬಹುದು, ಆಗಲೇ ಪಶುವೈದ್ಯರ ಹತ್ತಿರ ಹೋಗಿ. ಇಷ್ಟು ಚಿಕ್ಕ ಮರಿ ಬರೀ ಚಿಗಟದಿಂದಲೇ ಸಾಯಬಹುದು.

ಒಸಡು ಗುಲಾಬಿ ಇದ್ದು, ಮರಿ ಚುರುಕಾಗಿದ್ದರೆ ಮಧ್ಯಾಹ್ನ ಉಗುರುಬೆಚ್ಚಗಿನ ನೀರಲ್ಲಿ ಮಕ್ಕಳ ಶಾಂಪೂ ಹಾಕಿ ಸ್ನಾನ ಮಾಡಿಸಿ. ಮೊದಲು ಕುತ್ತಿಗೆ ಸುತ್ತ ನೊರೆ ಹಚ್ಚಿ. ಇಲ್ಲದಿದ್ದರೆ ಚಿಗಟ ಎಲ್ಲಾ ಕಿವಿ, ಕಣ್ಣಿನ ಕಡೆ ಓಡುತ್ತವೆ. ತಕ್ಷಣ ಟವೆಲ್‌ನಲ್ಲಿ ಸುತ್ತಿ ಪೂರ್ತಿ ಒಣಗಿಸಿ, ಮರಿಗೆ ಚಳಿ ತಡೆಯುವುದಿಲ್ಲ. ಆಮೇಲೆ ದಿನಾ ಹೇನಿನ ಸೀರಣಿಗೆಯಿಂದ ಬಾಚಿ. ಬಾಲದ ಬುಡ, ತೊಡೆ ಸಂದು, ಗದ್ದದ ಕೆಳಗೆ ಜಾಸ್ತಿ ಇರುತ್ತವೆ. ಪ್ರತಿ ಸಲ ಬಾಚಿದ ಮೇಲೆ ಸೀರಣಿಗೆಯನ್ನು ಸೋಪಿನ ನೀರಲ್ಲಿ ಅದ್ದಿ. ಸಣ್ಣ ಕರಿ ಪುಡಿ ಬಂದರೆ ಒದ್ದೆ ಹತ್ತಿಗೆ ಒತ್ತಿ ನೋಡಿ. ಕೆಂಪಾದರೆ ಅದು ಚಿಗಟದ ಹಿಕ್ಕೆ, ಒಳಗೆ ಇರುವುದು ಮರಿಯದೇ ರಕ್ತ.

ಮೊಟ್ಟೆಗಳು ಮೈಮೇಲೆ ನಿಲ್ಲುವುದಿಲ್ಲ, ಹಾಸಿಗೆಗೆ ಉದುರುತ್ತವೆ. ಹಾಗಾಗಿ ಗೋಣಿ, ಬಟ್ಟೆ ಎಲ್ಲಾ ಬಿಸಿ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿ, ನೆಲದ ಸಂದುಗಳನ್ನು ಗುಡಿಸಿ. ಮೊಟ್ಟೆಯಿಂದ ಬಂದ ಹುಳುಗಳು ಗೂಡು ಕಟ್ಟಿ, ಅದರೊಳಗೆ ವಾರಗಟ್ಟಲೆ ಕಾದು ಚಿಗಟವಾಗಿ ಹೊರಬರುತ್ತವೆ, ಒಂದೇ ಸಲಕ್ಕೆ ನಿಲ್ಲಿಸಬೇಡಿ. ಚಿಗಟ ನುಂಗಿದರೆ ಲಾಡಿಹುಳುವೂ ಬರುತ್ತದೆ, ಜಂತುಹುಳು ಔಷಧಿ ಬಗ್ಗೆ ಡಾಕ್ಟರನ್ನು ಕೇಳಿ. ಈಗ ಮರಿಯ ತೂಕ ಎಷ್ಟಿದೆ?