ಡಿಸಿಎಕ್ಸ್ ಆದ ಮೇಲೆ ಝೀರೋ ಫ್ಲ್ಯಾಗ್ ಯಾಕೆ ಬದಲಾಗಲ್ಲ?

ಪ್ರಶ್ನೆ: ನಾನು ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿನಿ. 8085 ಮೈಕ್ರೊಪ್ರೊಸೆಸರ್ ಕಿಟ್‌ನಲ್ಲಿ ಡಿಲೇ (ಸ್ವಲ್ಪ ಹೊತ್ತು ಕಾಯಿಸುವ ಲೂಪ್) ಬರೆಯಲು ಬಿ-ಸಿ ರಿಜಿಸ್ಟರ್ ಜೋಡಿಗೆ ಒಂದು ಸಂಖ್ಯೆ ತುಂಬಿ, ಅದರಿಂದ ಒಂದು ಕಳೆಯುವ ಡಿಸಿಎಕ್ಸ್ ಬಿ, ಅದರ ಕೆಳಗೆ ಸೊನ್ನೆ ಆಗದಿದ್ದರೆ ಹಿಂದಕ್ಕೆ ಜಿಗಿಯುವ ಜೆಎನ್‌ಝಡ್ ಹಾಕಿದೆ. ಒಂದೊಂದು ಸಲ ಪ್ರೋಗ್ರಾಂ ತಕ್ಷಣ ಮುಗಿದುಬಿಡುತ್ತದೆ. ಒಂದೊಂದು ಸಲ ರೀಸೆಟ್ ಒತ್ತುವವರೆಗೂ ಮುಗಿಯುವುದೇ ಇಲ್ಲ. ಕಿಟ್ ಕೆಟ್ಟಿದೆಯಾ?
- ಓದುಗರು, ಹಾಸನ

ಉತ್ತರ: ಕಿಟ್ ಸರಿಯಾಗಿಯೇ ಇದೆ. ನಾನು ಪಾಲಿಟೆಕ್ನಿಕ್ ಲ್ಯಾಬ್‌ನಲ್ಲಿ ಪಾಠ ಹೇಳುವಾಗ ಪ್ರತಿ ಬ್ಯಾಚಿನಲ್ಲೂ ಯಾರಾದರೂ ಇದೇ ಪ್ರಶ್ನೆ ಹಿಡಿದು ಬರುತ್ತಿದ್ದರು. ನೀವು ಎರಡೂ ಬಗೆಯ ತಪ್ಪನ್ನು ಗಮನಿಸಿ ಬರೆದಿದ್ದೀರಿ. ಉತ್ತರ ಅದರಲ್ಲೇ ಇದೆ.

ಫ್ಲ್ಯಾಗ್ ಅಂದರೆ ಲೆಕ್ಕದ ಫಲ ಹೇಗಿತ್ತು ಅಂತ ನೆನಪಿಡುವ ಒಂದು ಬಿಟ್; ಫಲ ಸೊನ್ನೆಯಾದರೆ ಝೀರೋ ಫ್ಲ್ಯಾಗ್ 1 ಆಗುತ್ತದೆ. ಆದರೆ ಡಿಸಿಎಕ್ಸ್ ಯಾವ ಫ್ಲ್ಯಾಗನ್ನೂ ಮುಟ್ಟುವುದಿಲ್ಲ. ಬಿ-ಸಿ 0000 ಆದರೂ ಝೀರೋ ಫ್ಲ್ಯಾಗ್‌ಗೆ ಸುದ್ದಿ ಹೋಗಲ್ಲ. ಜೆಎನ್‌ಝಡ್ ನೋಡುವುದು ಅದಕ್ಕೂ ಹಿಂದಿನ ಯಾವುದೋ ಲೆಕ್ಕ ಬಿಟ್ಟುಹೋದ ಫ್ಲ್ಯಾಗನ್ನು. ಅದು 1 ಇದ್ದರೆ ಮೊದಲ ಸುತ್ತಿಗೇ ಹೊರಗೆ. 0 ಇದ್ದರೆ ಸುತ್ತುತ್ತಲೇ ಇರುತ್ತದೆ.

ಯಾಕೆ ಹೀಗೆ? ನಿಮ್ಮ ಪುಸ್ತಕದಲ್ಲಿ 8085ರ ಬ್ಲಾಕ್ ಡಯಾಗ್ರಾಂ ತೆಗೆಯಿರಿ. ರಿಜಿಸ್ಟರುಗಳ ಸಾಲಿನ ಕೆಳಗೆ ಇನ್‌ಕ್ರಿಮೆಂಟರ್-ಡಿಕ್ರಿಮೆಂಟರ್ ಅಂತ ಒಂದು ಡಬ್ಬಿ ಕಾಣುತ್ತದೆ. ಮುಂದಿನ ಆದೇಶದ ಅಡ್ರೆಸ್ ಇಟ್ಟುಕೊಳ್ಳುವ ಪ್ರೋಗ್ರಾಂ ಕೌಂಟರನ್ನು ಮುಂದೆ ತಳ್ಳುವುದು ಇದೇ. ಜೋಡಿಗೆ ಒಂದು ಕೂಡಿಸುವ ಐಎನ್‌ಎಕ್ಸ್, ಕಳೆಯುವ ಡಿಸಿಎಕ್ಸ್ ಮಾಡುವುದೂ ಇದೇ. ಲೆಕ್ಕ ಮಾಡುವ ಭಾಗವಾದ ಎಎಲ್‌ಯು ಹತ್ತಿರ ಅವು ಹೋಗುವುದೇ ಇಲ್ಲ. ಅವನ್ನು ಇಟ್ಟಿದ್ದು ಮುಖ್ಯವಾಗಿ ಅಡ್ರೆಸ್ ಸರಿಸುವುದಕ್ಕೆ.

ಒಂದೇ ರಿಜಿಸ್ಟರಿಗೆ ಒಂದು ಕೂಡಿಸುವ ಐಎನ್‌ಆರ್, ಕಳೆಯುವ ಡಿಸಿಆರ್ ಹಾಗಲ್ಲ. ಅವು ಎಎಲ್‌ಯು ಮೂಲಕವೇ ಹೋಗುತ್ತವೆ. ಕ್ಯಾರಿ (ಕೂಡುವಾಗ ಬರುವ ದಶಕ) ಒಂದನ್ನು ಬಿಟ್ಟು ಉಳಿದ ನಾಲ್ಕು ಫ್ಲ್ಯಾಗನ್ನೂ ಬರೆಯುತ್ತವೆ. ಇದನ್ನು ಸುಮ್ನೆ ನಂಬಬೇಡಿ, ಕಿಟ್‌ನಲ್ಲೇ ನೋಡಿ. ಎಕ್ಸ್‌ಆರ್‌ಎ ಎ ಹಾಕಿ ಕ್ಯಾರಿ ಅಳಿಸಿ. ಎಂವಿಐ ಮೂಲಕ ಎ ರಿಜಿಸ್ಟರಿಗೆ ಎಫ್‌ಎಫ್ (ಎಂಟು ಬಿಟ್‌ನ ಅತಿ ದೊಡ್ಡ ಸಂಖ್ಯೆ) ತುಂಬಿ. ಅದಕ್ಕೆ ಒಂದು ಕೂಡಿಸುವ ಎಡಿಐ 01 ಮಾಡಿ ನಿಲ್ಲಿಸಿ, ಫ್ಲ್ಯಾಗುಗಳಿರುವ ಎಫ್ ರಿಜಿಸ್ಟರ್ ತೆರೆಯಿರಿ. ಬಳಸದ ಬಿಟ್‌ಗಳು ಸೊನ್ನೆಯಾಗಿದ್ದರೆ 55 ಕಾಣುತ್ತದೆ. ಈಗ ಎಡಿಐ ತೆಗೆದು ಐಎನ್‌ಆರ್ ಎ ಹಾಕಿ. 54! ಎರಡರಲ್ಲೂ ಎ 00 ಆಗಿದೆ. ವ್ಯತ್ಯಾಸ ಕೊನೆಯ ಬಿಟ್ ಒಂದೇ, ಅದೇ ಕ್ಯಾರಿ.

ಕ್ಯಾರಿಯನ್ನು ಹೀಗೆ ಕಾಪಾಡಿದ್ದು ಎಷ್ಟು ಉಪಕಾರ ಗೊತ್ತಾ? ನಾಲ್ಕು ಬೈಟಿನ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ನೆನಪಿಸಿಕೊಳ್ಳಿ. ಎಡಿಸಿ ಎಂ ಹಿಂದಿನ ಕ್ಯಾರಿಯನ್ನೂ ಸೇರಿಸಿ ಒಂದು ಬೈಟ್ ಕೂಡಿಸುತ್ತದೆ, ದಶಕ ಮುಂದಿನ ಬೈಟಿಗೆ ಹೋಗಬೇಕು. ನಡುವೆ ಉತ್ತರ ಬರೆಯುವ ಎಂಒವಿ, ಅಡ್ರೆಸ್ ಸರಿಸುವ ಎರಡು ಐಎನ್‌ಎಕ್ಸ್, ಎಣಿಕೆಗೆ ಡಿಸಿಆರ್ ಸಿ, ಆಮೇಲೆ ಜೆಎನ್‌ಝಡ್. ಇವುಗಳಲ್ಲಿ ಒಂದೂ ಕ್ಯಾರಿ ಮುಟ್ಟಲ್ಲ. ಹಾಗಾಗಿ ದಶಕ ಕೈಬಿಡದೆ ಮುಂದಿನ ಸುತ್ತಿಗೆ ತಲುಪುತ್ತದೆ. ಇದು ಮರೆತು ಬಿಟ್ಟಿದ್ದಲ್ಲ, ಯೋಚಿಸಿ ಇಟ್ಟಿದ್ದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇವತ್ತಿನ ಇಂಟೆಲ್ ಪಿಸಿ ಪ್ರೊಸೆಸರುಗಳ ಐಎನ್‌ಸಿ, ಡಿಇಸಿ ಕೂಡ ಕ್ಯಾರಿಯನ್ನು ಹಾಗೇ ಬಿಡುತ್ತವೆ.

ಈಗ ನಿಮ್ಮ ಡಿಲೇ ಸರಿಮಾಡೋಣ. ಡಿಸಿಎಕ್ಸ್ ಬಿ ಆದ ಮೇಲೆ ಬಿಯನ್ನು ಎಗೆ ನಕಲಿಸುವ ಎಂಒವಿ ಎ,ಬಿ ಹಾಕಿ, ಅದರ ಕೆಳಗೆ ಎ ಮತ್ತು ಸಿ ಬಿಟ್‌ಗಳನ್ನು ಓಆರ್ ಮಾಡುವ ಓಆರ್‌ಎ ಸಿ. ಕೋಡ್ 78, ಬಿ1. ಎಂಒವಿ ಫ್ಲ್ಯಾಗ್ ಬರೆಯಲ್ಲ, ಓಆರ್‌ಎ ಬರೆಯುತ್ತದೆ. ಎರಡು ರಿಜಿಸ್ಟರೂ ಸೊನ್ನೆಯಾದಾಗ ಮಾತ್ರ ಝೀರೋ ಸೆಟ್ ಆಗುತ್ತದೆ. ಜೆಎನ್‌ಝಡ್‌ನ ಅಡ್ರೆಸ್ ಡಿಸಿಎಕ್ಸ್‌ಗೇ ಇರಲಿ. ಎ ರಿಜಿಸ್ಟರಿನಲ್ಲಿದ್ದದ್ದು ಅಳಿಸಿಹೋಗುತ್ತದೆ. ಅದು ಬೇಕಿದ್ದರೆ ಡಿಲೇಗೆ ಮೊದಲು ಎ ಮತ್ತು ಫ್ಲ್ಯಾಗುಗಳನ್ನು ಎತ್ತಿಡುವ ಪುಷ್ ಪಿಎಸ್‌ಡಬ್ಲ್ಯೂ, ಮುಗಿದ ಮೇಲೆ ಅವನ್ನು ಮರಳಿ ತರುವ ಪಾಪ್ ಪಿಎಸ್‌ಡಬ್ಲ್ಯೂ.

ಒಂದು ಎಚ್ಚರಿಕೆ. ಓಆರ್‌ಎ ಕ್ಯಾರಿಯನ್ನು 0 ಮಾಡಿಬಿಡುತ್ತದೆ. ಡಿಲೇಗೆ ತೊಂದರೆ ಇಲ್ಲ. ಆದರೆ ಇದೇ ಉಪಾಯವನ್ನು ಆ ನಾಲ್ಕು ಬೈಟಿನ ಕೂಡುವ ಲೂಪಿನೊಳಗೆ ಹಾಕಿದರೆ ದಶಕ ಕಳೆದುಹೋಗುತ್ತದೆ. ಅಲ್ಲಿ ಎಣಿಕೆಗೆ ಡಿಸಿಆರ್ ಸಿ ಸಾಕು.