ಅತಂತ್ರ ವಿಧಾನಸಭೆ, ಅಂದರೆ ಯಾವ ಪಕ್ಷಕ್ಕೂ ಬಹುಮತ ಇಲ್ಲದ ಸ್ಥಿತಿ, ಬಂದರೆ ಸರ್ಕಾರ ಯಾರದು? ಕೊಡಗಿನ ಬರೀ 2 ಸೀಟಿಗೆ ಆಗ ಬೆಲೆ ಇದೆಯಾ?

ಖಂಡಿತ ಇದೆ. 2018ರ ಚುನಾವಣೆಯನ್ನೇ ನೋಡಿ. ಮೇ 12ರಂದು 222 ಕ್ಷೇತ್ರಗಳಿಗೆ ಮತದಾನ ಆಯಿತು. ಬಿಜೆಪಿಗೆ 104, ಕಾಂಗ್ರೆಸ್‌ಗೆ 78, ಜೆಡಿಎಸ್‌ಗೆ 37. ಬಹುಮತಕ್ಕೆ 112 ಬೇಕಿತ್ತು. ಶೇಕಡಾವಾರು ಮತದಲ್ಲಿ ಕಾಂಗ್ರೆಸ್ಸೇ ಮುಂದಿತ್ತು, ಆದರೆ ಲೆಕ್ಕಕ್ಕೆ ಬರೋದು ಸೀಟು ಅಲ್ವಾ? ಮಡಿಕೇರಿ, ವಿರಾಜಪೇಟೆ ಎರಡೂ ಬಿಜೆಪಿ ಪಾಲಾಗಿದ್ದವು. ಆ 104ರಲ್ಲಿ ನಮ್ಮ ಇಬ್ಬರೂ ಸೇರಿದ್ದರು.

ಸರ್ಕಾರ ರಚಿಸಲು ಯಾರನ್ನು ಮೊದಲು ಕರೆಯಬೇಕು ಅನ್ನೋದು ರಾಜ್ಯಪಾಲರ ವಿವೇಚನೆ. ದೊಡ್ಡ ಪಕ್ಷವನ್ನೂ ಕರೆಯಬಹುದು, ಚುನಾವಣೆಯ ನಂತರ ಕೈಜೋಡಿಸಿದವರನ್ನೂ ಕರೆಯಬಹುದು. ಅವತ್ತು ಬಿಜೆಪಿಯ ಯಡಿಯೂರಪ್ಪ ಅವರನ್ನು ಕರೆದು, ಬಹುಮತ ತೋರಿಸಲು 15 ದಿನ ಕೊಟ್ಟರು. ಅಷ್ಟು ದಿನ ಕೊಟ್ಟಿದ್ದು ಜಾಸ್ತಿಯಾಯಿತು ಅಂತಲೇ ನನ್ನ ಅಭಿಪ್ರಾಯ. ಶಾಸಕರನ್ನು ಸೆಳೆಯುವ ಆಟಕ್ಕೆ ಅದು ದಾರಿ ಮಾಡಿಕೊಡುತ್ತದೆ. ಸುಪ್ರೀಂ ಕೋರ್ಟ್ ಮೇ 19ಕ್ಕೇ ವಿಶ್ವಾಸಮತ ಇಡಿ ಎಂದಿತು.

ಕೊಡಗಿನವರು ಟಿವಿ ಬಿಟ್ಟು ಏಳದ ದಿನ ಅದು. ಹಂಗಾಮಿ (ತಾತ್ಕಾಲಿಕ) ಸ್ಪೀಕರ್ ನಮ್ಮ ವಿರಾಜಪೇಟೆಯ ಶಾಸಕ ಕೆ.ಜಿ. ಬೋಪಯ್ಯ. ಹಿಂದೆ ಅವರೇ ಸ್ಪೀಕರ್ ಆಗಿದ್ದಾಗ ಶಾಸಕರನ್ನು ಅನರ್ಹಗೊಳಿಸಿದ್ದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತ್ತು. ಹಾಗಾಗಿ ಅವರ ನೇಮಕವನ್ನು ಕಾಂಗ್ರೆಸ್ ಪ್ರಶ್ನಿಸಿತು. ಕೋರ್ಟ್ ಅವರನ್ನು ತೆಗೆಯಲಿಲ್ಲ, ಕಲಾಪ ನೇರ ಪ್ರಸಾರ ಆಗಲಿ ಎಂದಿತು. ನನಗೆ ಅದೇ ಎಲ್ಲಕ್ಕಿಂತ ಒಳ್ಳೆಯ ತೀರ್ಮಾನ ಅನ್ನಿಸಿತು. ಕೊನೆಗೆ ಯಡಿಯೂರಪ್ಪ ಭಾಷಣ ಮಾಡಿ, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಕಾಂಗ್ರೆಸ್ ಜೊತೆ ಕೈಜೋಡಿಸಿ ಮೇ 23ರಂದು ಜೆಡಿಎಸ್‌ನ ಕುಮಾರಸ್ವಾಮಿ ಮುಖ್ಯಮಂತ್ರಿಯಾದರು. ಆ ಮೈತ್ರಿ ಸರ್ಕಾರವೂ 2019ರ ಜುಲೈನಲ್ಲಿ ವಿಶ್ವಾಸಮತದಲ್ಲಿ 99-105ರಿಂದ ಬಿತ್ತು. ಆರೇ ಮತದ ಅಂತರ.